ಟಿಪ್ಪಣಿಗಳ ಬೀಗದ ಕೈ ನಮ್ಮಲ್ಲಿರಲಿ

ಗ್ರಾಹಕರ ವಿವರ, ಬಾಕಿ ವಸೂಲಿಯ ಜ್ಞಾಪನೆಗಳನ್ನೆಲ್ಲ ನಾನು ಬಹುಕಾಲ ಒಂದು ತಂತ್ರಾಂಶದಲ್ಲಿ ಬರೆದಿಟ್ಟಿದ್ದೆ. ತಯಾರಕರು ಅದನ್ನು ನಿಲ್ಲಿಸಿದರು. ಹೊಸ ಗಣಕದಲ್ಲಿ ಆ ಕಡತಗಳು ತೆರೆಯಲೇ ಇಲ್ಲ. ಹಣ ತೆತ್ತು ಕೊಂಡದ್ದೆಂಬುದೊಂದೇ ಸಮಾಧಾನ!

ಆದ್ದರಿಂದಲೇ ಆರ್ಗ್ ಮೋಡ್ ಎಂಬ ಮುಕ್ತ ತಂತ್ರಾಂಶದತ್ತ ವರ್ತಕ ಬಾಂಧವರ ಗಮನ ಸೆಳೆಯಬಯಸುತ್ತೇನೆ. ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ತಮ್ಮ ಸ್ವಂತ ಉಪಯೋಗಕ್ಕಾಗಿ ಇದನ್ನು ರಚಿಸಿದರು. ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದೊಳಗೆ ನಡೆಯುವ ಇದರಲ್ಲಿ ನಕ್ಷತ್ರ ಚಿಹ್ನೆ ಇಟ್ಟರೆ ತಲೆಬರಹ, ದಿನಾಂಕ ಸೇರಿಸಿದರೆ ಗಡುವು. ಹಲವು ಕಡತಗಳಲ್ಲಿ ಚದುರಿದ ಕೆಲಸಗಳನ್ನು ದಿನವಾರು ಕಾರ್ಯಸೂಚಿಯಾಗಿ ಅದು ಜೋಡಿಸಿಕೊಡುತ್ತದೆ. ಕಡತವಾದರೋ ಬರಿಯ ಅಕ್ಷರ. ನಾಳೆ ಈ ತಂತ್ರಾಂಶವೇ ಕಾಣೆಯಾದರೂ ನೋಟ್‌ಪ್ಯಾಡಿನಲ್ಲಿ ಓದಿಕೊಳ್ಳಬಹುದು.

ಕಲಿಕೆ ಸುಲಭವಲ್ಲವೆಂಬುದನ್ನು ಮರೆಮಾಚಲಾರೆ. ನಮ್ಮ ಗುಮಾಸ್ತರಿಗೆ ಅದರ ಕೀಲಿಗಳು ಅಭ್ಯಾಸವಾಗಲು ತಿಂಗಳೇ ಹಿಡಿಯಿತು. ಇನ್ನೊಂದು ತೊಡಕು ನಮಗೇ ಸಂಬಂಧಿಸಿದ್ದು: ಕನ್ನಡ ಅಕ್ಷರಗಳ ಅಗಲ ಒಂದೇ ಸಮನಿಲ್ಲದ್ದರಿಂದ, ಸರಕಿನ ಹೆಸರನ್ನು ಕನ್ನಡದಲ್ಲಿ ಬರೆದರೆ ಕೋಷ್ಟಕದ ಗೆರೆಗಳು ಓರೆಯಾಗುತ್ತವೆ.

ಇದನ್ನು ತಿದ್ದುವವರಾರು? ಡೊಮಿನಿಕ್ ಅವರ ನಂತರ ಬಾಸ್ಟಿಯನ್ ಗೆರಿ, ಬಳಿಕ ಇಹೋರ್ ರಾಡ್ಚೆಂಕೊ ಇದರ ನಿರ್ವಹಣೆಯ ಹೊಣೆ ಹೊತ್ತರು. ಬಹುಪಾಲು ಸುಧಾರಣೆ ಸ್ವಯಂಸೇವಕರ ದುಡಿಮೆಯಿಂದಲೇ ಆದದ್ದು. ಪುಕ್ಕಟೆ ದೊರೆತದ್ದೆಂದು ಬಳಸಿ, ಕೊರತೆ ಕಂಡೊಡನೆ ಗೊಣಗುವುದು ವ್ಯಾಪಾರಧರ್ಮವಲ್ಲ. ಮೂಲ ಸಂಕೇತ ಎಲ್ಲರಿಗೂ ತೆರೆದಿರುವಾಗ, ನಮ್ಮ ಸಂಸ್ಥೆಯೇ ಸದಸ್ಯರಿಂದ ಅಲ್ಪ ವಂತಿಗೆ ಕೂಡಿಸಿ ಸ್ಥಳೀಯ ತಂತ್ರಜ್ಞರೊಬ್ಬರಿಂದ ಈ ಕೋಷ್ಟಕದ ತೊಡಕನ್ನು ಪರಿಹರಿಸಲು ಯತ್ನಿಸಬಹುದು. ಕನ್ನಡ ಕೈಪಿಡಿಯೊಂದನ್ನೂ ಬರೆಸಬಹುದು. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ವಿನಂತಿಸುತ್ತೇನೆ.