ಹಲಗಿ ಬಾರಿಸುವವರಿಗೂ ಕಿವಿ ಅದಾವ



ಹೋದ ವರ್ಷ ಒಂದು ಶಹರದ ಸಂಗೀತ ಉತ್ಸವಕ್ಕೆ ನಮ್ಮ ಕೇರಿಯ ಹಲಗಿ ಮೇಳವನ್ನು ಕರೆದಿದ್ದರು. ಶಹರದ ಹೆಸರು ಬೇಡ. ಮುಂಜಾನೆ ಹತ್ತರಿಂದ ಮಧ್ಯಾಹ್ನ ಒಂದರ ತನಕ ಡಾಂಬರು ರಸ್ತೆಯ ಮೇಲೆ ಮೆರವಣಿಗೆ. ಮುಂದೆ ನಮ್ಮವರು ಎಂಟು ಮಂದಿ, ಹಿಂದೆ ತೆರೆದ ಜೀಪಿನಲ್ಲಿ ದೊಡ್ಡ ಗವಾಯಿಗಳ ಫೋಟೋ. ಸಭಾಭವನದ ಬಾಗಿಲು ಬಂತು. ಫೋಟೋ ಒಳಗೆ ಹೋಯಿತು, ಹಲಗಿ ಹೊರಗೆ ಉಳಿಯಿತು. ಎದೆಗೆ ಬಿಲ್ಲೆ ಹಚ್ಚಿಕೊಂಡ ಹುಡುಗನೊಬ್ಬ ಬಂದು, "ಮುಗೀತ್ರಿ ನಿಮ್ಮ ಕೆಲಸ, ಹಿಂದ ಹೋಗಿ ಊಟದ ಪೊಟ್ಟಣ ತಗೊಳ್ರಿ" ಅಂದ. ನಲವತ್ತು ವರ್ಷದಿಂದ ಹಲಗಿ ಹಿಡಿದ ನಮ್ಮ ಕಾಕಾ ಕೇಳಿದ್ದು ಒಂದೇ ಮಾತು: "ತಮ್ಮಾ, ಸಂಜೀಕ ಒಳಗ ಹಾಡ್ತಾರಂತಲ್ಲ, ನಾವೂ ಒಂದು ಮೂಲ್ಯಾಗ ಕುಂತು ಕೇಳಬಹುದೇನು?" ಹುಡುಗ ಬೈಯಲಿಲ್ಲ. ನಕ್ಕ. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಹಲಗಿಯವರಿಗೆ ಹಾಡು ಯಾಕ ಬೇಕು?

ನಮಗೆ ಸಿಟ್ಟು ಬಂದದ್ದು ಪೊಟ್ಟಣಕ್ಕಲ್ಲ, ಆ ನಗುವಿಗೆ.

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನೆಲದಲ್ಲಿ ವಾದ್ಯ ಹಿಡಿದು ತಿರುಗುವವರು ಯಾರು? ಹೊಲಗೇರಿ ಮಾದಿಗೇರಿಯ ಹಲಗಿಯವರು. ಕೊರವರ ಸನಾದಿ. ಜೋಗತಿಯರ ಚೌಡಕಿ. ಗೋಂಧಳಿಗರ ಸಂಬಳ. ಮೈಮೇಲೆ ಬಾರಕೋಲು ಬೀಸಿಕೊಂಡು ಅಂಗಡಿ ಅಂಗಡಿ ಮುಂದೆ ನಿಲ್ಲುವ ದುರಗಮುರಗಿಯವರು. ಇವರ ಪಂಚಾಂಗವೇ ಬೇರೆ. ಮಾಘದಲ್ಲಿ ಚಿಂಚಲಿ ಮಾಯಕ್ಕ, ಚೈತ್ರದಲ್ಲಿ ಜೋತಿಬಾ, ಆಷಾಢದಲ್ಲಿ ಪಂಢರಪುರ, ಹುಣ್ಣಿಮೆ ಬಂದರೆ ಸವದತ್ತಿ. ಜಾತ್ರೆ ಇಲ್ಲದ ದಿನ ಸಂತೆ, ಬಸ್‌ಸ್ಟ್ಯಾಂಡು, ಮಿರಜದ ಗಾಡಿ. ಹಾಸಿದ ಟವಲ್ಲಿನ ಮೇಲೆ ಬಿದ್ದದ್ದು ಅವತ್ತಿನ ಹಿಟ್ಟು. ಈಗ ಚಿಲ್ಲರೆ ಯಾರ ಕಿಸೆಯಲ್ಲೂ ಇಲ್ಲ, ಎಲ್ಲರೂ ಫೋನು ತೋರಿಸುತ್ತಾರೆ. ಫೋನಿಗೆ ರೊಕ್ಕ ಹಾಕುವ ಚೌಕಡಿ ಚೀಟಿಯನ್ನು ಚೌಡಕಿಗೇ ಅಂಟಿಸಿಕೊಂಡ ಜೋಗವ್ವನನ್ನು ರಾಯಬಾಗದ ಗಾಡಿಯಲ್ಲಿ ನಾವೇ ನೋಡಿದೆವು. ಊರ ಮದುವೆಗಳನ್ನು ಬೆಂಜೋ ತಿಂದಿತು, ಬೆಂಜೋವನ್ನು ಡಾಲ್ಬಿ ತಿಂದಿತು. ಆದರೂ ಇವರು ಮನೆಯಲ್ಲಿ ಕೂತಿಲ್ಲ.

ಕಾಕಾನ ಆಸೆ ನಮ್ಮ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು. ಅದಕ್ಕೇ ಮಿರಜದ ಉರುಸಿಗೆ ಕರೆದುಕೊಂಡು ಹೋದೆವು. ರಾಯಬಾಗದಲ್ಲಿ ಗಾಡಿ ಹತ್ತಿದರೆ ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ದಾಟಿ ಮಿರಜ. ಕಾಗವಾಡದವರಿಗಂತೂ ಅದು ಮಗ್ಗಲು ಮನೆ. ಹಗಲೆಲ್ಲ ನಮ್ಮವರು ದರ್ಗಾದ ಹಾದಿಯಲ್ಲಿ ಬಾರಿಸಿದರು. ಬಂದ ರೊಕ್ಕದಲ್ಲಿ ಚಹಾ, ಭಜಿ, ವಾಪಸು ಟಿಕೀಟು. ಕತ್ತಲಾದ ಮೇಲೆ ಹಲಗಿಗಳನ್ನು ಧೋತರದಲ್ಲಿ ಗಂಟು ಕಟ್ಟಿ ಒಳಗೆ ಹೋದೆವು. ಯಾರೂ ತಡೆಯಲಿಲ್ಲ. ಯಾರ ಪೈಕಿ ಎಂದು ಯಾರೂ ಕೇಳಲಿಲ್ಲ. ಖ್ವಾಜಾ ಮೀರಾಸಾಹೇಬರ ಆ ದರ್ಗಾದಲ್ಲಿ ಉರುಸಿನ ಮೊದಲ ಗಲೀಫ್, ಅಂದರೆ ಗೋರಿಗೆ ಹೊದಿಸುವ ಬಟ್ಟೆ, ಅದರ ಮಾನ ಚರ್ಮಕಾರರದು. ನಮ್ಮ ಕಡೆ ಸಮಗಾರರು ಅಂತೀವಲ್ಲ, ಅವರದು. ಇದನ್ನು ಕೇಳಿದ ಕಾಕಾ ಎರಡು ಸಲ "ಖರೇನ?" ಅಂದರು.

ಆ ಅಂಗಳದಲ್ಲಿ ಸಂಗೀತ ಸಭೆ ನಡೆಯುವುದು ಅಬ್ದುಲ್ ಕರೀಂ ಖಾನರ ನೆನಪಿಗೆ. 1872ರಲ್ಲಿ ಉತ್ತರದ ಕೈರಾಣಾದಲ್ಲಿ ಹುಟ್ಟಿ, ಮಿರಜದಲ್ಲಿ ನೆಲೆಸಿ, ಇಲ್ಲಿನ ಹುಣಸೆ ಮರದಡಿ ಕೂತು ಹಾಡಿದವರು. 1937ರಲ್ಲಿ ಪಾಂಡಿಚೇರಿಗೆ ಹೊರಟವರು ದಾರಿಯಲ್ಲಿ ಒಂದು ಸಣ್ಣ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನ ಮೇಲೆ ತೀರಿಕೊಂಡರು. ನಮ್ಮ ತಿರುಗುವ ಮಂದಿ ರಾತ್ರಿ ಮೈ ಚೆಲ್ಲುವುದೂ ಅಂಥ ಜಾಗದಲ್ಲೇ. ಅವರ ಗೋರಿಯೂ ಅಲ್ಲೇ ದರ್ಗಾದ ಆವಾರದಲ್ಲಿದೆ.

ನಡುರಾತ್ರಿ ದಾಟಿತ್ತು. ಒಬ್ಬರು ವಿಲಂಬಿತ ಹಿಡಿದರು. ಕಾಕಾ ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳು ಎಣಿಸುತ್ತಿದ್ದರು. ಬಿ.ಎ. ಓದಿದ ನಮಗೆ ಸಮ್ ಎಲ್ಲಿ ಬಂತು ಎಲ್ಲಿ ಹೋಯಿತು ತಿಳಿಯಲಿಲ್ಲ, ಅವರ ಬೆರಳು ಮಾತ್ರ ಪ್ರತಿಸಲ ತಬಲಾದ ಜೋಡಿಯೇ ಬಿತ್ತು. ನಮ್ಮ ಕಿವಿಯಲ್ಲಿ ಅಂದರು: "ಇದು ಹೆಣದ ಮುಂದ ನಡಿಯೂ ನಡಿಗಿ ನೋಡ್ರಿ. ಅವಸರ ಮಾಡೂಹಂಗಿಲ್ಲ, ಹೊತ್ತವರ ಹೆಗಲು ನೋಡಿ ಪೆಟ್ಟು ಇಡಬೇಕು." ಮುಂದೆ ದ್ರುತಕ್ಕೆ ಏರಿದಾಗ ನಕ್ಕುಬಿಟ್ಟರು. "ಈಗ ಜಾತ್ರಿಗೆ ಬಂದ!"

ಅಷ್ಟು ಖುಷಿಯಾಗಿ ಅವರನ್ನು ನಾವು ಎಂದೂ ನೋಡಿರಲಿಲ್ಲ. ಊರಿನವರು ಇಷ್ಟು ವರ್ಷ ಈ ಕಿವಿಯನ್ನು ಬಾಗಿಲಾಚೆ ನಿಲ್ಲಿಸಿದ್ದರು.

ಒಳಗಿನವರೇನು ಚರ್ಮ ಮುಟ್ಟದವರೇ? ತಬಲಾ ಡಗ್ಗಾದ ಮೇಲೆ ಇರುವುದು ಏನು? ಮದ್ರಾಸಿನ ಮೃದಂಗ ಮಾಡುವ ದಲಿತ ಕುಟುಂಬಗಳ ಮೇಲೆ ಟಿ.ಎಂ. ಕೃಷ್ಣ ಪುಸ್ತಕ ಬರೆದರೆ, 2020ರಲ್ಲಿ ಅದರ ಬಿಡುಗಡೆಗೆ ಕೊಟ್ಟ ಜಾಗವನ್ನೇ ಕಲಾಕ್ಷೇತ್ರ ವಾಪಸು ತೆಗೆದುಕೊಂಡಿತು. ನಮ್ಮ ಜಿಲ್ಲೆಯ ಕಥೆಯೂ ಇದೆ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧಿಯ ಮುಂದೆ ಸ್ವಾಗತ ಗೀತೆ ಹಾಡಿದ ಹುಡುಗಿ ಗಂಗೂಬಾಯಿ ಹಾನಗಲ್ಲ. ಹಾಡಿದ ಮೇಲೆ ಎಂಜಲು ಎತ್ತಿಸುತ್ತಾರೋ ಏನೋ ಎಂಬ ಅಂಜಿಕೆ ಆ ಮಗುವಿಗೆ ಇತ್ತು. ಕಂಠ ಬೇಕು, ಕೈ ಬೇಕು, ಮನುಷ್ಯ ಮಾತ್ರ ಬೇಡ. ಮಿರಜದ ಸಿತಾರ್ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಒಂದು ಕಾಲಕ್ಕೆ ಕತ್ತಿ ಮಸೆಯುತ್ತಿದ್ದ ಶಿಕಲಗಾರರ ಮನೆತನಗಳ ಕೆಲಸ ಅದು, ನಮಗೆ ಸಂತೋಷವೇ. ಹಲಗಿಗೆ ಚರ್ಮ ಬಿಗಿಯುವ ಕೈಯ ಗುರುತು ಯಾರು ಹಿಡಿದಾರು?

ಈಗ ನಮ್ಮೊಳಗಿನ ಜಗಳ. ನಮ್ಮ ಸಭೆಗಳಲ್ಲಿ ಹಿರಿಯರು ಹೇಳುತ್ತಾರೆ: ಹಲಗಿ ಸುಡಬೇಕು, ಅದು ಗುಲಾಮಗಿರಿಯ ಗುರುತು. ಅವರ ಮಾತನ್ನು ನಾವು ಹಗುರ ಮಾಡುವುದಿಲ್ಲ. 1925ರಲ್ಲಿ ಬಾಬಾಸಾಹೇಬರು ನಿಪ್ಪಾಣಿಯ ಪರಿಷತ್ತಿಗೆ ಬಂದು ಹೋದ ನೆಲ ಇದು. ಹೆಣದ ಮುಂದೆ ಬಿಟ್ಟಿ ಬಾರಿಸಿ, ಡಂಗುರ ಸಾರಿ, ಒಲ್ಲೆ ಅಂದದ್ದಕ್ಕೆ ಪೆಟ್ಟು ತಿಂದ ಮುತ್ಯಾಗಳ ಮೊಮ್ಮಕ್ಕಳು ನಾವು. ಹಲಗಿ ಒಗೆದವರು ಮರ್ಯಾದೆಗಾಗಿ ಒಗೆದರು. ಆದರೆ ಓದು ಬಾರದವರ ಗುಡಿಸಲಿಗೆ ಬಾಬಾಸಾಹೇಬರನ್ನು ಮುಟ್ಟಿಸಿದ್ದು ಯಾವುದು? ಜಲಸಾ ಕಟ್ಟಿದ ಭೀಮರಾವ್ ಕರ್ಡಕ, ಊರೂರು ತಿರುಗಿದ ವಾಮನದಾದಾ ಕರ್ಡಕ, ಇವರ ಹಾಡು. ಏಪ್ರಿಲ್ 14ರ ಮೆರವಣಿಗೆಯಲ್ಲಿ ಅದೇ ಹಿರಿಯರ ಕಾಲೂ ಹಲಗಿಗೆ ಕುಣಿದದ್ದನ್ನು ನಾವು ಕಂಡಿದ್ದೇವೆ. (ಸಿಟ್ಟಾಗಬ್ಯಾಡ್ರಿ, ಚಲೋ ಕುಣಿತೀರಿ.) ಬಿಡಬೇಕಾದ್ದು ಬಿಟ್ಟಿಯನ್ನು. ಪೆಟ್ಟು ನಮ್ಮದು, ಅದನ್ನು ಯಾಕೆ ಸುಡಬೇಕು?

ಜೋಗತಿ ಮಂಜಮ್ಮನಿಗೆ 2021ರಲ್ಲಿ, ತಮಟೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಚಪ್ಪಾಳೆ ಹೊಡೆದೆವು. ಆ ಬಿಲ್ಲೆಯ ಹುಡುಗನೂ ಹೊಡೆದಿರಬೇಕು. ಬಾಗಿಲು ಇದ್ದಲ್ಲೇ ಇದೆ.

ಅದಕ್ಕೆ ಹಲಗಿ, ಸನಾದಿ, ಚೌಡಕಿಯ ಗೆಳೆಯರಿಗೆ ನಮ್ಮದೊಂದು ಬೇಡಿಕೆ. ಉತ್ಸವದವರು ಎಲಿ-ಅಡಿಕಿ ಹಿಡಿದು ಬಂದರೆ, ರೊಕ್ಕ ಎಷ್ಟು ಎಂದು ಬರೆಸಿಕೊಳ್ಳಿರಿ. ಆ ಮೇಲೆ ಇನ್ನೊಂದು ಮಾತು ಕೇಳಿರಿ: "ಸಂಜೀಕ ನಮ್ಮ ಎಂಟು ಮಂದಿಗೆ ಎಂಟು ಖುರ್ಚಿ ಎಲ್ಲಿ ಅದಾವ?" ಖುರ್ಚಿ ಇಲ್ಲ ಅಂದರೆ ಹಲಗಿಯೂ ಇಲ್ಲ. ಊಟ ಎಲ್ಲರ ಪಂಕ್ತಿಯಲ್ಲಿ, ಹಿಂದಿನ ಬಾಗಿಲಲ್ಲಿ ಅಲ್ಲ. ಒಂದು ಮೇಳ ಒಲ್ಲೆ ಅಂದಾಗ ಪಕ್ಕದ ಊರಿನ ಮೇಳ ಕಡಿಮೆ ರೊಕ್ಕಕ್ಕೆ ಓಡಬಾರದು. ಇದು ಕಷ್ಟದ ಮಾತು. ಒಲೆ ಹೊತ್ತದ ಮನೆಗೆ ಹೀಗೆ ಹೇಳುವುದು ಪದ್ಯ ಬರೆದಷ್ಟು ಸುಲಭವಲ್ಲ, ಗೊತ್ತಿದೆ. ಅದಕ್ಕೇ ಐದೂ ತಾಲೂಕಿನ ಮೇಳದವರು ಒಮ್ಮೆ ಕೂಡಿ ಕುಂತು ದರ ಕಟ್ಟೋಣ.

ಎಲ್ಲಿ ಕೂಡೋಣ ಅಂದರೆ, ಕಾಕಾ ಆಗಲೇ ಹೇಳಿಯಾಗಿದೆ: ಬರುವ ಉರುಸಿಗೆ, ಮಿರಜದಾಗ. ಹಗಲು ಬಾರಿಸೋಣ, ಹೊತ್ತು ಮುಳುಗಿದ ಮೇಲೆ ಮಾತಾಡೋಣ, ರಾತ್ರಿ ಕೇಳೋಣ. ಶೇಡಬಾಳ ಸ್ಟೇಶನ್ನಿಗೆ ಮುಂಜಾನೆ ಬರ್ರಿ. ರೊಟ್ಟಿ ಕಟ್ಟಿಕೊಂಡು ಬರ್ರಿ, ಕಂಬಳಿ ಮರೀಬ್ಯಾಡ್ರಿ. ನಸುಕಿನ್ಯಾಗ ಆ ಅಂಗಳ ಭಾಳ ತಣ್ಣಗ ಇರ್ತದ, ಮತ್ತ ಕಾಕಾ ಭೈರವಿ ಮುಗಿಯೂತನಕ ಏಳಂಗಿಲ್ಲ.