"ಸಕ್ಯುಲೆಂಟ್ ಸೇಫಾ?" ಅನ್ನೋ ಪ್ರಶ್ನೆಯೇ ತಪ್ಪು

(1/6)
"ಸಕ್ಯುಲೆಂಟ್ ತಾನೇ, ಬೆಕ್ಕಿಗೆ ಏನೂ ಆಗಲ್ಲ ಬಿಡು." ರೀಲ್ಸ್‌ನಲ್ಲಿ, ನರ್ಸರಿಯಲ್ಲಿ, ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ಎಲ್ಲ ಕಡೆ ಇದೇ ಮಾತು. ಇದು ಅರ್ಧ ಸತ್ಯ. ನಂಬೋದು ನಾವು, ಪೆಟ್ಟು ತಿನ್ನೋದು ಬೆಕ್ಕು. ಬೆಕ್ಕು ಸಾಕಿರೋ ಫ್ರೆಂಡ್‌ಗೆ ಬರ್ತ್‌ಡೇ ಗಿಫ್ಟ್ ಅಂತ ಪುಟ್ಟ ಕುಂಡ ಕೊಡೋ ಮುಂಚೆ ಆರೂ ಭಾಗ ಓದಿ.

(2/6)
ಸಕ್ಯುಲೆಂಟ್ ಅನ್ನೋದು ಒಂದು ಗಿಡದ ಹೆಸರಲ್ಲ. ಎಲೆಯಲ್ಲೋ ಕಾಂಡದಲ್ಲೋ ನೀರು ಕೂಡಿಟ್ಟುಕೊಂಡು ದಪ್ಪಗಿರೋ ಗಿಡಗಳಿಗೆಲ್ಲ ಅದೇ ಪದ. ನಮ್ಮ ಬಿಕಾಂ ಭಾಷೆಯಲ್ಲಿ ಹೇಳಬೇಕಂದ್ರೆ ಸಸ್ಪೆನ್ಸ್ ಅಕೌಂಟ್! ಯಾವ ಹೆಡ್‌ಗೆ ಹಾಕಬೇಕು ಗೊತ್ತಾಗದೇ ಇರೋದನ್ನೆಲ್ಲ ಅಲ್ಲಿಗೆ ತಳ್ಳೋದು. ಅದನ್ನ ಬಿಡಿಸದೇ ಲೆಕ್ಕ ಸರಿಯಿದೆ ಅಂತ ಸಹಿ ಹಾಕ್ತೀರಾ?

(3/6)
ಸರಿ, ಬಿಡಿಸೋಣ. ಅಮೆರಿಕದ ಎಎಸ್‌ಪಿಸಿಎ ಅನ್ನೋ ಪ್ರಾಣಿ ರಕ್ಷಣಾ ಸಂಸ್ಥೆಯ ಪಟ್ಟಿಯನ್ನ ಯಾರು ಬೇಕಾದ್ರೂ ಪುಕ್ಕಟೆ ನೋಡಬಹುದು.

ವಿಷವಲ್ಲ: ಗುಲಾಬಿ ಥರ ಅರಳಿರೋ ಎಕೆವೇರಿಯಾ, ಬಿಳಿ ಪಟ್ಟೆಯ ಹಾವರ್ಥಿಯಾ.
ವಿಷ: ಜೇಡ್, ಲೋಳೆಸರ, ಸ್ನೇಕ್ ಪ್ಲಾಂಟ್, ಕಲಾಂಚೋ.

ಲೋಳೆಸರ, ಸ್ನೇಕ್ ಪ್ಲಾಂಟ್ ತಿಂದ್ರೆ ವಾಂತಿ, ಭೇದಿ. ಜೇಡ್ ತಿಂದ್ರೆ ವಾಂತಿ, ಜೊತೆಗೆ ತೂರಾಡೋದು. ಕಲಾಂಚೋದಲ್ಲಿ ಹೃದಯದ ಬಡಿತವನ್ನೇ ಕೆಡಿಸೋ ಅಂಶ ಇದೆ. ಕೆಂಪು, ಹಳದಿ ಹೂಗೊಂಚಲು ತೋರಿಸಿ ಟೇಬಲ್ ಮೇಲಿಡೋಕೆ ಮಾರ್ತಾರಲ್ಲ, ಅದೇ ಗಿಡ. ಊರಲ್ಲಿ ಕಾಡುಬಸಳೆ ಅಂತೀವಲ್ಲ, ಅದೂ ಅದೇ ಕುಲದ್ದು.

(4/6)
"ನಮ್ಮೂರಲ್ಲಿ ಬೇಲಿ ತುಂಬ ಕಳ್ಳಿ, ಯಾವ ಬೆಕ್ಕೂ ಸತ್ತಿದ್ದು ನೋಡಿಲ್ಲ" ಅಂತೀರಾ? ಕಳ್ಳಿ ಹಾಲು ಕಣ್ಣಿಗೆ ಬಿದ್ದೀತು ಅಂತ ಅಜ್ಜಿ ಬೈದು ಕಲಿಸಿದ್ದೂ ಅದೇ ಊರಲ್ಲಿ. ಊರ ಬೆಕ್ಕಿಗೆ ಹಿತ್ತಲಿದೆ, ಹುಲ್ಲಿದೆ. ಫ್ಲ್ಯಾಟ್ ಬೆಕ್ಕಿಗೆ ಕಿಟಕಿ ಮೇಲಿನ ನಿಮ್ಮ ಕುಂಡ ಬಿಟ್ರೆ ಬೇರೆ ಹಸಿರೇ ಇಲ್ಲ. ಬೋರಾದ್ರೆ ಅದು ಇನ್ನೇನನ್ನ ಕಚ್ಚಬೇಕು?

(5/6)
ನನಗೆ ಸಿಟ್ಟು ಬರೋದು ಮಾರೋರ ಮೇಲೆ. ಕುಂಡದ ಮೇಲೆ ಬೆಲೆ ಇರುತ್ತೆ, ಹೆಸರಿರಲ್ಲ. ಇದ್ರೂ ನಂಬೋ ಹಾಗಿಲ್ಲ. ಪೋರ್ಚುಲಕೇರಿಯಾ ಅನ್ನೋ ವಿಷವಿಲ್ಲದ ಗಿಡವನ್ನೂ ಎಷ್ಟೋ ಕಡೆ "ಜೇಡ್" ಅಂತಲೇ ಮಾರ್ತಾರೆ. ನಿಜವಾದ ಜೇಡ್ ಅಂದ್ರೆ ಕ್ರಾಸುಲಾ, ಅದು ವಿಷ. ಹೆಸರು ಒಂದು, ಗಿಡ ಎರಡು!

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಮಾಹಿತಿ ಪಡೆಯೋ ಹಕ್ಕನ್ನ ಎಕ್ಸಾಮಿಗೆ ಉರು ಹೊಡೀತೀವಿ. ಅದನ್ನ ನರ್ಸರಿಯಲ್ಲೂ ಸ್ವಲ್ಪ ಬಳಸಿ. "ಅಣ್ಣಾ, ಇದರ ಬೊಟಾನಿಕಲ್ ನೇಮ್ ಏನು?" ಅಂತ ಕೇಳಿ. ಗೊತ್ತಿಲ್ಲ ಅಂದ್ರೆ ಬೆಕ್ಕಿರೋ ಮನೆಗೆ ಆ ಗಿಡ ಬೇಡ. ಹತ್ತು ಜನ ಹೀಗೆ ವಾಪಸ್ ಹೋದ್ರೆ ಹನ್ನೊಂದನೆಯವರು ಬರೋ ಹೊತ್ತಿಗೆ ಚೀಟಿ ಅಂಟಿರುತ್ತೆ.

(6/6)
ಬೆಕ್ಕು ಆಗ್ಲೇ ಕಚ್ಚಿಬಿಟ್ಟಿದ್ರೆ: ಉಳಿದ ಎಲೆ ದೂರ ಇಡಿ, ಗಿಡದ ಫೋಟೋ ತಗೊಳ್ಳಿ, ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ವಾಂತಿ ಶುರುವಾಗಲಿ ಅಂತ ಕಾಯಬೇಡಿ. ಉಪ್ಪು ನೀರು ಕುಡಿಸೋ ಮನೆಮದ್ದಂತೂ ಬೇಡವೇ ಬೇಡ, ಅದೇ ಬೆಕ್ಕಿಗೆ ಅಪಾಯ.

ಗಿಡ, ಬೆಕ್ಕು ಎರಡನ್ನೂ ಸಾಕಿ, ಯಾರು ಬೇಡ ಅಂದ್ರು? ಇವತ್ತೇ ನಿಮ್ಮ ಕಿಟಕಿ ಮೇಲಿನ ಒಂದೊಂದು ಕುಂಡದ ಹೆಸರನ್ನೂ ಕಾಮೆಂಟಲ್ಲಿ ಬರೀರಿ ನೋಡೋಣ. "ಸಕ್ಯುಲೆಂಟ್" ಅಂತ ಬರೆದ್ರೆ ಮಾರ್ಕ್ಸ್ ಇಲ್ಲ.

#ಬೆಕ್ಕು #ಗಿಡದಹೆಸರುಕೇಳಿ