ತೊಟ್ಟಿಗೆ ಬಂದ ನೀರು ನಲ್ಲಿಗೂ ಬರಲಿ

ದಾವಣಗೆರೆಯವರಿಗೆ ನೀರಿನ ಲೆಕ್ಕ ಚೆನ್ನಾಗಿ ಗೊತ್ತು. ಹರಿಹರದ ಬಳಿಯ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ ನೀರು ಊರಿನ ಮೇಲ್ತೊಟ್ಟಿ ತುಂಬಿದರಷ್ಟೇ ಸಾಲದು, ಓಣಿಯ ನಲ್ಲಿಗೂ ಇಳಿಯಬೇಕು. ಹೊಳೆ ತುಂಬಿ ಹರಿಯುವಾಗಲೂ ಕೊಡ ಹಿಡಿದು ಕಾದ ನೆನಪು ಇಲ್ಲಿನ ಹಳೆಯ ಮನೆಗಳಿಗಿದೆ. ವಿದ್ಯಾಸಂಸ್ಥೆಗಳನ್ನು ಬೆಸೆಯಲೆಂದು ಸರ್ಕಾರ ಹಾಕಿದ ಗಣಕಜಾಲದ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಆ ಕೊಡವೇ ಕಣ್ಣಿಗೆ ಕಟ್ಟುತ್ತದೆ.

ಇಂತಹ ಜಾಲ ನಮಗೆ ಹೊಸದೇನಲ್ಲ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಡನೆ ‘ಅರ್ನೆಟ್’ ಆರಂಭಿಸಿದಾಗ ಅದರಲ್ಲಿದ್ದುದು ಎಂಟು ಸಂಸ್ಥೆಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅವುಗಳಲ್ಲೊಂದು. ಜನಸಾಮಾನ್ಯರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಅಂದರೆ ಈ ದೇಶಕ್ಕೆ ಅಂತರ್ಜಾಲ ಕಾಲಿಟ್ಟದ್ದೇ ವಿದ್ಯಾಸಂಸ್ಥೆಗಳ ಬಾಗಿಲಿನಿಂದ. 2010ರಲ್ಲಿ ಕೇಂದ್ರ ಸಂಪುಟವು ರಾಷ್ಟ್ರೀಯ ಜ್ಞಾನಜಾಲಕ್ಕೆ 5,990 ಕೋಟಿ ರೂಪಾಯಿ ಮಂಜೂರು ಮಾಡಿತು. ಅದಕ್ಕೂ ಒಂದು ವರ್ಷ ಮೊದಲು ಬಂದ ಶಿಕ್ಷಣ ಮಿಷನ್ ವಿಶ್ವವಿದ್ಯಾಲಯಗಳಿಗೆ ಸೆಕೆಂಡಿಗೆ 1 ಗಿಗಾಬಿಟ್ ಸಂಪರ್ಕವನ್ನೂ, ಕಾಲೇಜುಗಳಿಗೆ 512 ಕಿಲೋಬಿಟ್‌ನ ಇಪ್ಪತ್ತು ಸಂಪರ್ಕಗಳನ್ನೂ ಯೋಜಿಸಿತ್ತು. ವೆಚ್ಚದ ಮುಕ್ಕಾಲು ಪಾಲು ಕೇಂದ್ರದ್ದು, ಕಾಲು ಪಾಲು ಸಂಸ್ಥೆಯದು.

ಆ ಇಪ್ಪತ್ತು ಸಂಪರ್ಕಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. 2013ರ ವಿಧಾನಸಭಾ ಚುನಾವಣೆಯ ಸಿದ್ಧತೆಗಾಗಿ ಕಾಲೇಜೊಂದರ (ಹೆಸರು ಬೇಡ) ಕೊಠಡಿಗಳನ್ನು ಪರಿಶೀಲಿಸುತ್ತಿದ್ದೆ. ಪ್ರಾಂಶುಪಾಲರ ಕೋಣೆಯ ಕಪಾಟಿನಲ್ಲಿ ಮೋಡೆಮ್‌ಗಳು ಪ್ಲಾಸ್ಟಿಕ್ ಹೊದಿಕೆ ಸಹಿತ ಸಾಲಾಗಿ ಕುಳಿತಿದ್ದವು. ಕೇಳಿದರೆ, ‘ದಾಸ್ತಾನು ಪುಸ್ತಕಕ್ಕೆ ಏರಿಸಿದ್ದೇವೆ ಸಾರ್’ ಎಂಬ ಉತ್ತರ. ಎರಡು ಮಾತ್ರ ಕೆಲಸ ಮಾಡುತ್ತಿದ್ದವು; ಒಂದು ಅವರ ಮೇಜಿನ ಮೇಲೆ, ಇನ್ನೊಂದು ಕಚೇರಿಯಲ್ಲಿ. ಗ್ರಂಥಾಲಯಕ್ಕೆ ತಂತಿ ಎಳೆಯಲು ಯಾವ ಲೆಕ್ಕಶೀರ್ಷಿಕೆಯಲ್ಲೂ ಹಣವಿರಲಿಲ್ಲ. ನಾನೂ ಆಡಳಿತದವನೇ ಆದ್ದರಿಂದ ನಗಲಾಗಲಿಲ್ಲ.

ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಇರುವಾಗ ಈ ಜಾಲದ ಹಂಗೇಕೆ ಎಂಬ ಪ್ರಶ್ನೆ ಸಹಜ. ಆದರೆ ಮೊಬೈಲ್ ಸಂಪರ್ಕದ ದುಡ್ಡು ವಿದ್ಯಾರ್ಥಿಯ ಜೇಬಿನದು. ಅದು ಅವನನ್ನು ಗ್ರಾಹಕನೆಂದು ಗುರುತಿಸುತ್ತದೆಯೇ ಹೊರತು ವಿದ್ವತ್ ಸಮುದಾಯದ ಸದಸ್ಯನೆಂದಲ್ಲ. ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ 2024ರ ನವೆಂಬರ್‌ನಲ್ಲಿ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಮಂಜೂರಾಯಿತು. ಸುಮಾರು 13,000 ನಿಯತಕಾಲಿಕಗಳು ಮೊದಲ ಹಂತದಲ್ಲಿ ಸರ್ಕಾರಿ ಸಂಸ್ಥೆಗಳಿಗೆ ತೆರೆದವು. ಆದರೆ ಅವುಗಳನ್ನು ಓದಬೇಕಾದರೆ ನೀವು ಇಂಥ ಸಂಸ್ಥೆಯವರೆಂದು ಜಾಲಕ್ಕೆ ತಿಳಿಯಬೇಕು. ಆ ಗುರುತಿನ ವ್ಯವಸ್ಥೆಯನ್ನು ಸಂಸ್ಥೆಯೇ ಇಟ್ಟುಕೊಳ್ಳಬೇಕು. ಅದಕ್ಕೆ ಒಬ್ಬ ಜಾಣ ಎಂಜಿನಿಯರ್ ಬೇಕು. ಸಣ್ಣ ಕಾಲೇಜಿನ ಮಂಜೂರಾದ ಹುದ್ದೆಗಳ ಪಟ್ಟಿಯಲ್ಲಿ ಅಂತಹ ಹುದ್ದೆಯನ್ನು ನಾನಂತೂ ಕಂಡಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕಾಣುವುದಿಷ್ಟು. ಜಾಲದ ಖರ್ಚೆಲ್ಲ ನೆಲ ಅಗೆಯುವುದರಲ್ಲಿ ಮತ್ತು ಜನರನ್ನು ಇಟ್ಟುಕೊಳ್ಳುವುದರಲ್ಲಿದೆ. ಬಳಕೆದಾರನೊಬ್ಬ ಹೆಚ್ಚಿದರೆ ಬೀಳುವ ಹೊರೆ ನಗಣ್ಯ. ಇಂತಹ ಸರಕನ್ನು ಕೂಡಿ ಕೊಳ್ಳುವುದೇ ಲಾಭ. ನಮ್ಮ ಭೂಗೋಳವೂ ಇದಕ್ಕೆ ಅನುಕೂಲವಾಗಿದೆ. ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗವು ವಿಶ್ವವಿದ್ಯಾಲಯವಿರುವ ತೋಳಹುಣಸೆ, ದಾವಣಗೆರೆ, ಹರಿಹರ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದೆ. ರಾಷ್ಟ್ರೀಯ ಜ್ಞಾನಜಾಲಕ್ಕೆ ದ್ಯುತಿತಂತು ಒದಗಿಸಿದವರಲ್ಲಿ ರೈಲ್ವೆಯ ‘ರೈಲ್‌ಟೆಲ್’ ಕೂಡ ಒಂದು. ಹರಿಹರದ ಕಾಲೇಜುಗಳಿಗೂ ದಾವಣಗೆರೆಗೂ ನಡುವೆ ಇರುವುದು ಹದಿನೈದು ಕಿಲೋಮೀಟರಿನಷ್ಟು ದಾರಿ.

ಕಷ್ಟವಿರುವುದು ತಂತಿಯಲ್ಲಲ್ಲ. 1951ರಲ್ಲಿ ಆರಂಭವಾದ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಿಂದ ಹಿಡಿದು 1965ರ ಜೆಜೆಎಂ ವೈದ್ಯಕೀಯ ಕಾಲೇಜು, 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜುಗಳವರೆಗೆ ಈ ಊರು ವಿದ್ಯೆಗೆ ಕೈಬಿಚ್ಚಿ ಕೊಟ್ಟಿದೆ. ಕಟ್ಟಡಕ್ಕೆ ಇಲ್ಲಿ ದಾನಿಗಳ ಕೊರತೆಯಿಲ್ಲ. ಆದರೆ ಹೂತಿಟ್ಟ ತಂತಿಯ ಮೇಲೆ ಹೆಸರು ಕೆತ್ತಿಸಲಾಗದು. ಮೇಲಾಗಿ ನೆರೆಯ ಆಡಳಿತ ಮಂಡಳಿಯೊಡನೆ ಸೇರಿ ಖರ್ಚು ಮಾಡುವುದು ನಮ್ಮಲ್ಲಿ ರೂಢಿಯಿಲ್ಲ.

ವಿಶ್ವವಿದ್ಯಾಲಯದ ಸಂಪರ್ಕವನ್ನು ನಿಯಮ ಮೀರಿ ಹಂಚಿರೆಂದು ನಾನು ಹೇಳುತ್ತಿಲ್ಲ. ಸದಸ್ಯತ್ವ ಪ್ರತಿ ಸಂಸ್ಥೆಯದೂ ಬೇರೆಯೇ ಇರಲಿ. ಸ್ಥಳೀಯ ತಂತು, ಅದನ್ನು ನೋಡಿಕೊಳ್ಳುವ ಇಬ್ಬರು ಎಂಜಿನಿಯರುಗಳು, ಗುರುತಿನ ವ್ಯವಸ್ಥೆ ಇವಿಷ್ಟು ಜಂಟಿಯಾಗಿರಲಿ. ವಂತಿಗೆಯನ್ನು ವಿದ್ಯಾರ್ಥಿಗಳ ಸಂಖ್ಯೆಗೆ ಅನುಗುಣವಾಗಿ ನಿಗದಿಪಡಿಸಿದರೆ ಹರಿಹರದ ಸಣ್ಣ ಕಾಲೇಜಿನ ಮೇಲೆ ದೊಡ್ಡ ಕಾಲೇಜಿನ ಭಾರ ಬೀಳದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಸಹಕಾರ ಸಂಘಗಳ ಅನುಭವ ಈ ಸೀಮೆಗೆ ಧಾರಾಳವಾಗಿದೆ. ಮೊದಲ ಸಭೆಯನ್ನು ಕುಲಪತಿಗಳು ಕರೆಯಲಿ, ಜಿಲ್ಲಾಧಿಕಾರಿಗಳೂ ಬಂದು ಕೂರಲಿ. ರಸ್ತೆ ಅಗೆಯಲು ಅನುಮತಿ ಕೊಡಬೇಕಾದ ಇಲಾಖೆಗಳನ್ನು ಅಂದೇ ಕರೆಸಿದರೆ ಆರು ತಿಂಗಳ ಪತ್ರವ್ಯವಹಾರವಾದರೂ ಉಳಿದೀತು.